ಕುಸ್ವಾರಿನ ತಟ್ಟೆ

ಮಂಗಳೂರಿನ ಕ್ರೈಸ್ತರ 'ನೆವ್ರಿ'ಯನ್ನು ಕಂಡರೆ ತುಮಕೂರಿನ ಶೆಟ್ಟಿಹಳ್ಳಿಯ ಗೃಹಿಣಿಯು, ಇದು ನಮ್ಮ ಕರ್ಜಿಕಾಯಿಯೇ ಅಲ್ಲವೇ ಎಂದಾಳು. ಎಳ್ಳು, ಕಾಯಿ, ಸಕ್ಕರೆ, ಏಲಕ್ಕಿಗಳು ಅದರೊಳಗೂ ಉಂಟು. ಕ್ರಿಸ್ಮಸ್ಸಿಗೆ ಆ ಮನೆಗಳಲ್ಲಿ ಮಾಡುವ ಇಂತಹ ತಿಂಡಿಗಳಿಗೆಲ್ಲ ಕೊಂಕಣಿಯಲ್ಲಿ 'ಕುಸ್ವಾರ್' ಎಂದು ಹೆಸರು.

ಅವುಗಳಲ್ಲಿ ಕಿಡಿಯೊ ಬಹು ಶ್ರಮದ್ದು. ಹುಳುವೆಂಬ ಅರ್ಥದ ಹೆಸರು ತಿಂಡಿಗೇಕೆಂದು ನಗಬಾರದು. ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿದಾಗ ಮೂಡುವ ಗೆರೆಗಳನ್ನು ನೋಡಬೇಕು. ಬಳಿಕ ಎಣ್ಣೆಯಲ್ಲಿ ಕರಿದು ಸಕ್ಕರೆಪಾಕದಲ್ಲಿ ಹೊರಳಿಸುವರು. ಅಜ್ಜಿಯ ಸುತ್ತ ಸೊಸೆಯಂದಿರೂ ಮೊಮ್ಮಕ್ಕಳೂ ಕುಳಿತು ರಾತ್ರಿಯವರೆಗೆ ಒತ್ತುವ ಕೆಲಸವದು. ಹಿಟ್ಟಿನ ಹದವನ್ನು ಅಜ್ಜಿಯು ಬೆರಳಿನಿಂದಲೇ ಮುಟ್ಟಿ ತಿಳಿಸುವಳು.

ಈಗ ಬೇಕರಿಯಲ್ಲಿ ಕುಸ್ವಾರಿನ ಪೊಟ್ಟಣವೇ ದೊರೆಯುವುದು. ರುಚಿಯಲ್ಲಿ ಕೊರತೆಯಿರಲಾರದು, ಆದರೆ ಅಜ್ಜಿಯ ಬಳಿ ಕುಳಿತುಕೊಳ್ಳಲು ಮೊಮ್ಮಗಳಿಗೆ ನೆಪವಿಲ್ಲದಂತಾಯಿತು. ನೆರೆಯ ಹಿಂದೂ ಮನೆಗಳಿಗೆ ತಟ್ಟೆ ಕಳುಹಿಸುವ ವಾಡಿಕೆ ಮಾತ್ರ ಇನ್ನೂ ನಡೆದಿದೆ. ಕೆಲವು ತಟ್ಟೆಗಳಲ್ಲಿ ಅಂಗಡಿಯ ಕಿಡಿಯೊ, ಮನೆಯ ನೆವ್ರಿ ಎರಡೂ ಕೂಡಿ ಹೋಗುತ್ತವೆ.