ಸಾರಥಿಯ ಹದ

ಮಾಗಡಿ ಸೀಮೆಯ ಗುಡೇಮಾರನಹಳ್ಳಿ ದೊಡ್ಡ ಊರೇನೂ ಅಲ್ಲ. ಆದರೆ ಬೆಂಗಳೂರಿನಿಂದ ನೆಲಮಂಗಲ, ಸೋಲೂರು, ಕುಣಿಗಲ್ ಮಾರ್ಗವಾಗಿ ಮಂಗಳೂರಿಗೆ ಸಾಗುವ ಹೆದ್ದಾರಿ ಆ ಊರಿಗೆ ದೂರವಲ್ಲವಾದ್ದರಿಂದ ಅದರ ಹೆಸರು ದಾರಿಹೋಕರಿಗೆ ಪರಿಚಿತವಾಗಿದೆ. ಈ ಹೆದ್ದಾರಿಯನ್ನು ಬಹುಕಾಲ 48ನೆಯ ರಾಷ್ಟ್ರೀಯ ಹೆದ್ದಾರಿ ಎಂದು ಕರೆಯುತ್ತಿದ್ದರು; 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆಗಳು ಬಂದಾಗ ಅದು 75 ಆಯಿತು. ಹಗಲಿರುಳೆನ್ನದೆ ಅಲ್ಲಿ ಲಾರಿಗಳು, ಬಸ್ಸುಗಳು, ಕಾರುಗಳು ಹರಿಯುತ್ತಲೇ ಇರುತ್ತವೆ. ಹೆದ್ದಾರಿಯನ್ನು ಬಿಟ್ಟು ಊರುಗಳ ಕಡೆಗೆ ತಿರುಗುವ ಚಿಕ್ಕ ರಸ್ತೆಗಳ ಲೋಕವೇ ಬೇರೆ. ಅಲ್ಲಿ ಕುರಿಯ ಮಂದೆಗೂ ಹಾಲಿನ ಕ್ಯಾನು ಹೊತ್ತ ಬೈಸಿಕಲ್ಲಿಗೂ ಶಾಲೆಗೆ ನಡೆದುಹೋಗುವ ಮಕ್ಕಳಿಗೂ ಬಸ್ಸಿಗೂ ಒಂದೇ ದಾರಿ.

ಎತ್ತಿನ ಗಾಡಿಯ ಕಾಲದಲ್ಲಿ ಈ ದಾರಿಗಳು ಯಾರನ್ನೂ ಅಷ್ಟಾಗಿ ಹೆದರಿಸುತ್ತಿರಲಿಲ್ಲ. ಸಂತೆ ಮುಗಿಸಿ ಹಿಂದಿರುಗುವ ಗಾಡಿಯ ಯಜಮಾನನು ಹುಲ್ಲಿನ ಮೆತ್ತೆಯ ಮೇಲೆ ನಿದ್ದೆಹೋದರೂ ಎತ್ತುಗಳು ಅವನನ್ನು ಮನೆಯ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದವು. ಎದುರಿಗೆ ಹಳ್ಳ ಬಂದರೆ ಅವು ತಾವಾಗಿಯೇ ನಿಲ್ಲುತ್ತಿದ್ದವು. ಮಗುವೊಂದು ಅಡ್ಡ ಬಂದರೆ ಪಕ್ಕಕ್ಕೆ ಸರಿಯುತ್ತಿದ್ದವು. ಎಂಜಿನ್ನಿಗೆ ಈ ತಿಳಿವಳಿಕೆ ಇಲ್ಲ. ಅದಕ್ಕೆ ಮನೆಯ ದಾರಿಯೂ ತಿಳಿಯದು, ಮಗುವೂ ಕಾಣದು. ಎತ್ತುಗಳಿಗಿದ್ದ ವಿವೇಕವನ್ನೂ ಈಗ ಮನುಷ್ಯನೊಬ್ಬನೇ ಹೊರಬೇಕಾಗಿದೆ. ಈ ಹೊರೆಯನ್ನು ಅರಿತು ಹೊತ್ತವರು ಕೆಲವರೇ.

ಅಂಥವರಲ್ಲಿ ಒಬ್ಬರು, ಈ ಭಾಗದ ಹಳ್ಳಿಗಳಿಗೆ ಬಹಳ ವರ್ಷ ಸಾರಿಗೆ ಬಸ್ಸು ನಡೆಸಿದ ಹಿರಿಯ ಚಾಲಕರು. ಬೆಳಗಿನ ಮೊದಲ ಸುತ್ತಿಗೆ ಹೊರಡುವ ಮುನ್ನ ಅವರು ಬಸ್ಸಿನ ಸುತ್ತ ಒಂದು ಪ್ರದಕ್ಷಿಣೆ ಬರುತ್ತಿದ್ದರು. ಅದು ಭಕ್ತಿಗಾಗಿ ಅಲ್ಲ. ಪ್ರತಿಯೊಂದು ಟೈರನ್ನೂ ಕಬ್ಬಿಣದ ಸಲಾಕೆಯಿಂದ ತಟ್ಟಿ ಸದ್ದನ್ನು ಕೇಳುವುದಕ್ಕಾಗಿ. ಗಾಳಿ ಇಳಿದ ಟೈರು ಮಂಕಾಗಿ ಸದ್ದು ಮಾಡುತ್ತದೆ. ಅಂಥ ಟೈರು ರಸ್ತೆಗೆ ಹೆಚ್ಚು ಅಂಟಿಕೊಂಡು ಉರುಳುವುದರಿಂದ ಎಂಜಿನ್ನು ಹೆಚ್ಚು ದುಡಿಯಬೇಕಾಗುತ್ತದೆ. ಡೀಸೆಲ್ ಹೆಚ್ಚು ಸುಡುತ್ತದೆ. ಬಿಸಿಯೇರಿ ಸಿಡಿಯುವ ಭಯ ಬೇರೆ. ಹೀಗೆ ಒಂದೇ ಸಲಾಕೆಯ ತಟ್ಟಿನಲ್ಲಿ ಅವರು ಹಣವನ್ನೂ ಜೀವವನ್ನೂ ಒಟ್ಟಿಗೇ ಪರೀಕ್ಷಿಸುತ್ತಿದ್ದರು.

ಅವರ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡುವವರು ಕಂಬಿಯನ್ನು ಬಿಗಿಯಾಗಿ ಹಿಡಿಯಬೇಕಾಗಿರಲಿಲ್ಲ. ಮುಂದಿನ ನಿಲ್ದಾಣ ಒಂದು ಫರ್ಲಾಂಗು ದೂರವಿರುವಾಗಲೇ ಅವರ ಪಾದ ವೇಗವರ್ಧಕದಿಂದ ಮೇಲೆದ್ದಿರುತ್ತಿತ್ತು. ಬಸ್ಸು ತನ್ನ ಓಟದ ಬಲದಿಂದಲೇ ಸಾಗಿ, ಕೊನೆಯಲ್ಲಿ ಕೊಂಚ ಬ್ರೇಕು ತಾಗಿದೊಡನೆ ನಿಲ್ಲುತ್ತಿತ್ತು. ಕೆಲಸಕ್ಕೆ ಹೊಸದಾಗಿ ಸೇರಿದ ತರುಣರು ಇದನ್ನು ಕಂಡು ನಗುವುದುಂಟು. ಅವರು ನಿಲ್ದಾಣದವರೆಗೂ ರಭಸದಿಂದ ಬಂದು ಗಕ್ಕನೆ ನಿಲ್ಲಿಸುವವರು. ಹಾಗೆ ಬ್ರೇಕು ಒತ್ತಿದಾಗ ಆಗುವುದೇನು? ಬಸ್ಸಿಗೆ ವೇಗ ಬಂದದ್ದು ಡೀಸೆಲ್ ಸುಟ್ಟದ್ದರಿಂದ. ಆ ಶಕ್ತಿಯೆಲ್ಲ ಬ್ರೇಕಿನ ಉಜ್ಜಾಟದಲ್ಲಿ ಶಾಖವಾಗಿ ಗಾಳಿಗೆ ಸೇರುತ್ತದೆ. ಅಡಿಗೆ ಬೇಯಿಸಿ ತಿಪ್ಪೆಗೆ ಚೆಲ್ಲಿದ ಹಾಗೆ. ಡಿಪೋಗಳಲ್ಲಿ ಪ್ರತಿ ಚಾಲಕನೂ ಲೀಟರಿಗೆ ಎಷ್ಟು ಕಿಲೋಮೀಟರು ಓಡಿಸಿದನೆಂಬ ಲೆಕ್ಕವನ್ನು ಇಡುತ್ತಾರೆ. ಅಪಘಾತವಿಲ್ಲದೆ ದೀರ್ಘಕಾಲ ಸೇವೆ ಸಲ್ಲಿಸಿದವರಿಗೆ ಬೆಳ್ಳಿಯ ಪದಕವೂ ಚಿನ್ನದ ಪದಕವೂ ದೊರೆಯುತ್ತವೆ. ಈ ಎರಡು ಲೆಕ್ಕಗಳಲ್ಲಿಯೂ ಒಂದೇ ಹೆಸರು ಮುಂದಿರುವುದು ಕಂಡುಬಂದರೆ ಅದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ಮುಂದಿನ ದಾರಿಯನ್ನು ದೂರದಿಂದಲೇ ನೋಡುವ ಕಣ್ಣು ಇಂಧನವನ್ನೂ ಉಳಿಸುತ್ತದೆ, ಜನರನ್ನೂ ಉಳಿಸುತ್ತದೆ.

ಇಂಧನದ ಮಿತವ್ಯಯಕ್ಕೂ ಪ್ರಾಣರಕ್ಷಣೆಗೂ ಇರುವ ಈ ನಂಟು ಜಗತ್ತಿಗೆ ಒಮ್ಮೆ ಆಕಸ್ಮಿಕವಾಗಿ ಗೋಚರವಾಯಿತು. 1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯದಲ್ಲಿ ಯುದ್ಧ ನಡೆದಾಗ ಅರಬ್ ದೇಶಗಳು ತೈಲದ ಸರಬರಾಜನ್ನು ತಡೆದವು. ಕೆಲವೇ ತಿಂಗಳುಗಳಲ್ಲಿ ತೈಲದ ಬೆಲೆ ಸುಮಾರು ನಾಲ್ಕು ಪಟ್ಟು ಏರಿತು. ಪೆಟ್ರೋಲನ್ನು ಉಳಿಸುವ ಉದ್ದೇಶದಿಂದ ಅಮೆರಿಕ ಸಂಯುಕ್ತ ಸಂಸ್ಥಾನವು 1974ರ ಆರಂಭದಲ್ಲಿ ತನ್ನ ಹೆದ್ದಾರಿಗಳ ವೇಗಕ್ಕೆ ಗಂಟೆಗೆ 55 ಮೈಲಿ, ಎಂದರೆ ಸುಮಾರು 88 ಕಿಲೋಮೀಟರುಗಳ ಮಿತಿಯನ್ನು ವಿಧಿಸಿತು. ಯಾರೂ ಆಗ ಅಪಘಾತಗಳ ಬಗೆಗೆ ಹೆಚ್ಚು ಯೋಚಿಸಿರಲಿಲ್ಲ. ಆದರೆ 1973ರಲ್ಲಿ ಆ ದೇಶದ ರಸ್ತೆಗಳಲ್ಲಿ ಸುಮಾರು 54,000 ಮಂದಿ ಸತ್ತಿದ್ದರೆ 1974ರಲ್ಲಿ ಆ ಸಂಖ್ಯೆ ಸುಮಾರು 45,000ಕ್ಕೆ ಇಳಿಯಿತು. ತೈಲದ ಅಭಾವದಿಂದ ಜನ ಪ್ರಯಾಣವನ್ನೇ ಕಡಿಮೆ ಮಾಡಿದ್ದೂ ಇದಕ್ಕೆ ಒಂದು ಕಾರಣವೆಂಬುದು ನಿಜ. ಆದರೂ ವೇಗವು ತಗ್ಗಿದ್ದರ ಪಾತ್ರವನ್ನು ಅಲ್ಲಗಳೆಯಲಾಗದು. ಭಾರತಕ್ಕೂ ಆ ಬೆಲೆಯೇರಿಕೆಯ ಪೆಟ್ಟು ತಗುಲಿತು. ಪೆಟ್ರೋಲಿಯಂ ಸಂರಕ್ಷಣೆಗೆಂದೇ 1978ರಲ್ಲಿ ಇಲ್ಲೊಂದು ಸಂಸ್ಥೆ ಹುಟ್ಟಿತು. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ಇಂದಿಗೂ ಹೊರಗಿನಿಂದಲೇ ಬರಬೇಕು.

ವೇಗದ ಲೆಕ್ಕ ಬಹಳ ಜನ ತಿಳಿದುಕೊಂಡಂತೆ ಸರಳವಾಗಿಲ್ಲ. ಗಂಟೆಗೆ 60 ಕಿಲೋಮೀಟರು ಓಡುತ್ತಿದ್ದ ವಾಹನ 80ಕ್ಕೆ ಏರಿದರೆ ವೇಗ ಹೆಚ್ಚಿದ್ದು ಮೂರನೆಯ ಒಂದು ಪಾಲು ಮಾತ್ರ. ಆದರೆ ಎದುರುಗಾಳಿಯ ತಡೆ ವೇಗದ ವರ್ಗದಂತೆ ಬೆಳೆಯುವುದರಿಂದ ಅದು ಸುಮಾರು ಮುಕ್ಕಾಲು ಪಾಲು ಹೆಚ್ಚುತ್ತದೆ. ಬ್ರೇಕು ಹಿಡಿದ ಮೇಲೆ ವಾಹನ ಜಾರಿಕೊಂಡು ಹೋಗುವ ದೂರವೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಇದಲ್ಲದೆ ಅಪಾಯವನ್ನು ಕಂಡು, ಮನಸ್ಸು ತಿಳಿದು, ಕಾಲು ಬ್ರೇಕಿನ ಮೇಲೆ ಬೀಳಲು ಒಂದು ಸೆಕೆಂಡಾದರೂ ಬೇಕು. ಆ ಒಂದು ಸೆಕೆಂಡಿನಲ್ಲಿ 60ರ ವೇಗದ ವಾಹನ ಸುಮಾರು 17 ಮೀಟರು, 80ರದು 22 ಮೀಟರು ಮುಂದೆ ಹೋಗಿರುತ್ತದೆ. ಹಳ್ಳಿಯ ಬೀದಿಯ ಅಗಲ ಎಷ್ಟೆಂಬುದನ್ನು ನೆನೆದರೆ ಇದರ ಅರ್ಥವಾದೀತು. ಇಷ್ಟೆಲ್ಲ ಮಾಡಿ ಗಳಿಸುವುದಾದರೂ ಏನು? 60 ಕಿಲೋಮೀಟರುಗಳ ದಾರಿಯಲ್ಲಿ ಕಾಲು ಗಂಟೆ. ಆ ಕಾಲು ಗಂಟೆಯೂ ನಗರದ ಅಂಚಿನ ವಾಹನದಟ್ಟಣೆಯಲ್ಲಿ ಕರಗಿಹೋಗುತ್ತದೆ.

ಮಿತವ್ಯಯದ ಹೆಸರಿನಲ್ಲಿ ನಡೆಯುವ ಅವಿವೇಕವೂ ಒಂದುಂಟು. ಇದೇ ಹೆದ್ದಾರಿ ಹಾಸನ, ಸಕಲೇಶಪುರಗಳನ್ನು ದಾಟಿದ ಮೇಲೆ ಶಿರಾಡಿ ಘಾಟಿಯಲ್ಲಿ ಕಡಿದಾಗಿ ಇಳಿಯುತ್ತದೆ. ಇಂಥ ಇಳಿಜಾರುಗಳಲ್ಲಿ ಡೀಸೆಲ್ ಉಳಿಸುವ ಆಸೆಯಿಂದ ಕೆಲವರು ಗೇರನ್ನು ಬಿಡಿಸಿ ನ್ಯೂಟ್ರಲ್ಲಿನಲ್ಲಿ ಬಂಡಿಯನ್ನು ಹರಿಯಬಿಡುತ್ತಾರೆ; ಇನ್ನೂ ಜಾಣರು ಎಂಜಿನ್ನನ್ನೇ ಆರಿಸುತ್ತಾರೆ. ಗೇರಿನಲ್ಲಿರುವ ಎಂಜಿನ್ನು ಗಾಲಿಗಳನ್ನು ಹಿಡಿದೆಳೆಯುತ್ತಿರುತ್ತದೆ. ಆ ಹಿಡಿತ ತಪ್ಪಿದರೆ ಟನ್ನುಗಟ್ಟಲೆ ಭಾರವನ್ನು ಬ್ರೇಕುಗಳು ಮಾತ್ರವೇ ತಡೆಯಬೇಕು. ಅವು ಕಾದು ಕೆಂಪಾಗಿ ಕೊನೆಗೆ ಹಿಡಿತವನ್ನೇ ಕಳೆದುಕೊಳ್ಳುತ್ತವೆ. ಎಂಜಿನ್ನು ಆರಿದ್ದರೆ ಬ್ರೇಕಿಗೆ ಬೇಕಾದ ಗಾಳಿಯ ಒತ್ತಡವೂ ತುಂಬಿಕೊಳ್ಳುವುದಿಲ್ಲ. ವಿನೋದವೆಂದರೆ, ಇಂದಿನ ಬಹುಪಾಲು ವಾಹನಗಳಲ್ಲಿ ಗೇರಿನಲ್ಲಿದ್ದು ವೇಗವರ್ಧಕದಿಂದ ಕಾಲು ತೆಗೆದು ಇಳಿಯುವಾಗ ಎಂಜಿನ್ನಿಗೆ ಇಂಧನ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಾದರೆ ಅದು ಉರಿಯುತ್ತಿರಲು ಸ್ವಲ್ಪವಾದರೂ ಇಂಧನ ಬೇಕು. ಉಳಿಸುತ್ತೇನೆಂದು ಪ್ರಾಣವನ್ನು ಪಣಕ್ಕಿಟ್ಟವನು ಉಳಿಸಿದ್ದು ಏನೂ ಇಲ್ಲ!

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸರ್ಕಾರದ ವರದಿ ತಿಳಿಸುತ್ತದೆ. ದಿನವೊಂದಕ್ಕೆ ಸುಮಾರು 460. ಇವರಲ್ಲಿ ಹತ್ತರಲ್ಲಿ ನಾಲ್ವರಿಗೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. 1988ರ ಮೋಟಾರು ವಾಹನ ಕಾಯಿದೆ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿದೆ. ಹಳ್ಳಿಗಾಡಿನ ದಾರಿಗಳಲ್ಲಿ ಅದು ಸಾಮಾನ್ಯವಾಗಿ ತಲೆಯ ಮೇಲಿರುವುದಿಲ್ಲ, ಮೊಣಕೈಯಲ್ಲಿ ತೂಗುತ್ತಿರುತ್ತದೆ. ದೂರದಲ್ಲಿ ಪೊಲೀಸರು ಕಂಡಾಗ ಮಾತ್ರ ತಲೆಗೇರುತ್ತದೆ. ಕಾವಲಿದ್ದಾಗ ಮಾತ್ರ ನಿಯಮಕ್ಕೆ ಬೆಲೆಯೆಂಬುದು ದೊಡ್ಡ ರಸ್ತೆಗಳಿಗೂ ಸಲ್ಲುವ ಮಾತು. ರಾಮನಗರ, ಚನ್ನಪಟ್ಟಣಗಳ ಪಕ್ಕದಲ್ಲಿ ಹಾದುಹೋಗುವ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದಾಗ ಸಾವುಗಳು ಜನರನ್ನು ದಿಗಿಲುಗೊಳಿಸಿದವು. ಅದೇ ವರ್ಷದ ಆಗಸ್ಟಿನಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ನಿಷೇಧಿಸಿದರು. ವೇಗವನ್ನು ಅಳೆಯುವ ಕ್ಯಾಮೆರಾಗಳೂ ಬಂದವು. ಆಮೇಲೆ ಸಾವುಗಳು ಗಣನೀಯವಾಗಿ ಇಳಿದವು.

ಆದರೆ ಹಳ್ಳಿಯ ರಸ್ತೆಯ ಅಪಾಯಕ್ಕೆ ಕ್ಯಾಮೆರಾ ಉತ್ತರವಾಗದು. ಮಾಗಡಿ, ಕುಣಿಗಲ್ ಸೀಮೆಯಲ್ಲಿ ಸುಗ್ಗಿ ಬಂತೆಂದರೆ ರಸ್ತೆಗಳೇ ಕಣಗಳಾಗುತ್ತವೆ. ರಾಗಿಯ ತೆನೆ, ಹುರುಳಿಯ ಬಳ್ಳಿಗಳನ್ನು ಟಾರಿನ ಮೇಲೆ ಹರಡಿ ವಾಹನಗಳು ತುಳಿಯಲೆಂದು ಬಿಡುತ್ತಾರೆ. ಕಾಳಿನ ಮೇಲೆ ಬೈಕು ಜಾರುತ್ತದೆ. ಹುರುಳಿಯ ಬಳ್ಳಿ ಗಾಲಿಯ ಅಚ್ಚಿಗೆ ಸುತ್ತಿಕೊಂಡು, ಎಂಜಿನ್ನಿನ ಶಾಖಕ್ಕೆ ಹೊತ್ತಿ ಕಾರುಗಳು ಸುಟ್ಟದ್ದೂ ಉಂಟು. ಎಲ್ಲಕ್ಕಿಂತ ಕೇಡಿನದು ಕಲ್ಲು. ಒಕ್ಕಣೆಯ ಗುರುತಿಗೆಂದು ರಸ್ತೆಯಲ್ಲಿ ಸಾಲಾಗಿ ದಪ್ಪ ಕಲ್ಲುಗಳನ್ನಿಟ್ಟು, ಸಂಜೆ ರಾಗಿಯನ್ನು ಮಾತ್ರ ಬಳಿದುಕೊಂಡು ಮನೆಗೆ ಹೋಗುತ್ತಾರೆ. ಕಲ್ಲು ಕತ್ತಲೆಯಲ್ಲಿ ಅಲ್ಲಿಯೇ ಉಳಿಯುತ್ತದೆ.

ಇದಕ್ಕೆ ರೈತರನ್ನು ಬಯ್ಯುವುದು ಸುಲಭ. ಹಿಂದೆ ಪ್ರತಿಯೊಬ್ಬರಿಗೂ ಸಗಣಿ ಸಾರಿಸಿದ ಕಣವಿತ್ತು, ಎತ್ತುಗಳು ಎಳೆಯುವ ರೋಣಗಲ್ಲಿತ್ತು. ಕೆಲವು ಗ್ರಾಮ ಪಂಚಾಯಿತಿಗಳು ಸಿಮೆಂಟಿನ ಒಕ್ಕಣೆ ಕಣಗಳನ್ನು ಕಟ್ಟಿಸಿವೆಯಾದರೂ ಸುಗ್ಗಿಯಲ್ಲಿ ಎಲ್ಲರಿಗೂ ಒಂದೇ ವಾರ ಕಣ ಬೇಕಾಗುತ್ತದೆ. ಆ ಹಿರಿಯ ಚಾಲಕರು ಒಮ್ಮೆ ಬಸ್ಸು ನಿಲ್ಲಿಸಿ ಮುದುಕಿಯೊಬ್ಬಳನ್ನು ಕೇಳಿದರು: “ಯಾಕವ್ವಾ, ನಿಮ್ಮ ಕಣ ಏನಾಯ್ತು?”

“ಎತ್ತು ಮಾರಿ ಎಂಟು ವರ್ಷ ಆಯ್ತು ಕಣಪ್ಪಾ. ಮಗ ಬೆಂಗಳೂರು ಸೇರ್ಕಂಡ. ರೋಣಗಲ್ಲು ನಾನು ಎಳೀಲಾ?” ಎಂದು ಆಕೆ ನಕ್ಕಳು. ಚಾಲಕರು ಮರುಮಾತಾಡಲಿಲ್ಲ. “ರಾಗಿ ಬಳ್ಕೊಂಡ ಮೇಲೆ ಕಲ್ಲನ್ನಾದರೂ ತೆಗೆದುಬಿಡವ್ವಾ” ಎಂದಷ್ಟೇ ಹೇಳಿ ಹೊರಟರು.

ಕೆಲವು ದಿನಗಳ ಮೇಲೆ ಕೊನೆಯ ಸುತ್ತಿನಲ್ಲಿ ಗುಡೇಮಾರನಹಳ್ಳಿಯ ಕಡೆಗೆ ಬರುವಾಗ ಕತ್ತಲಾಗಿತ್ತು. ತಿರುವಿನಲ್ಲಿ ದೀಪದ ಬೆಳಕಿಗೆ ಮೂರು ಕಲ್ಲುಗಳು ಕಂಡವು. ಆಕೆಯವೋ ಬೇರೆಯವರವೋ ತಿಳಿಯದು. ಬಸ್ಸು ಪಕ್ಕದಿಂದ ಹಾದುಹೋಗುವಷ್ಟು ಜಾಗ ಧಾರಾಳವಾಗಿತ್ತು. ಆದರೂ ಚಾಲಕರು ಬಸ್ಸನ್ನು ನಿಲ್ಲಿಸಿದರು. ಗಂಟೆ ಹೊಡೆಯದೆ ಬಸ್ಸು ನಿಂತದ್ದೇಕೆಂದು ನಿರ್ವಾಹಕರು ಇಣುಕಿ ನೋಡುವಷ್ಟರಲ್ಲಿ ಇವರು ಇಳಿದು ಮೊದಲ ಕಲ್ಲನ್ನು ಉರುಳಿಸುತ್ತಿದ್ದರು. ನೂರು ಗಜ ಹೋಗುವಷ್ಟರಲ್ಲಿ ಮತ್ತೆ ಕಲ್ಲು, ಮತ್ತೆ ನಿಲುಗಡೆ. ಹೀಗೆ ನಿಂತು ಹೊರಟು, ಹೊರಟು ನಿಂತು ಲೀಟರಿನ ಲೆಕ್ಕ ಅಂದು ಖಂಡಿತವಾಗಿ ಕೆಟ್ಟಿರಬೇಕು. ಹಿಂದಿನ ಸೀಟಿನಲ್ಲಿ ಕಾಲೇಜಿನಿಂದ ಹಿಂದಿರುಗುತ್ತಿದ್ದ ಹುಡುಗರಿದ್ದರು, ತಡವಾಯಿತೆಂದು ಗೊಣಗಿಕೊಳ್ಳುತ್ತಿದ್ದರು. ಮೂರನೆಯ ಸಲ ಬಸ್ಸು ನಿಂತಾಗ ಚಾಲಕರು ಬಾಗಿಲು ತೆರೆಯುವ ಮೊದಲೇ ಆ ಹುಡುಗರು ಕೆಳಗಿಳಿದಿದ್ದರು.