ಬೋಳು ಮರದ ಗುಟ್ಟು

ಜನವರಿಯ ಒಂದು ಶನಿವಾರ ಮೊಮ್ಮಗಳನ್ನು ಕರೆದುಕೊಂಡು ಊರಿಗೆ ಹೊರಟೆ. ಬಿ.ಸಿ. ರೋಡು ಕಳೆದು ಬಸ್ಸು ನೇತ್ರಾವತಿ ಸೇತುವೆ ದಾಟಿತು. ಮೆಲ್ಕಾರ್ ಬಂತು. ಇನ್ನು ಸ್ವಲ್ಪ ಹೋದರೆ ನಮ್ಮ ಕಲ್ಲಡ್ಕ. ಅಷ್ಟರಲ್ಲಿ ಕಿಟಕಿ ಬದಿಯಿಂದ ಕೂಗು: "ಅಜ್ಜಾ, ಅಲ್ಲಿ ನೋಡಿ, ಆ ಮರ ಸತ್ತೇ ಹೋಗಿದೆ!"

"ಸತ್ತಿಲ್ಲ ಮಾರಾಯ್ತಿ. ಬಾ, ತೋರಿಸುತ್ತೇನೆ" ಎಂದು ಅಲ್ಲೇ ಇಳಿದು ನರಹರಿ ಪರ್ವತಕ್ಕೆ ಹೊರಟೆವು. ಮೇಲೆ ಸದಾಶಿವ ದೇವಸ್ಥಾನವಿದೆ. ಆಟಿ ಅಮಾವಾಸ್ಯೆಯ ದಿನ ತೀರ್ಥಸ್ನಾನಕ್ಕೆ ಇಲ್ಲಿ ಜನವೋ ಜನ. ಆಗ ಬೆಟ್ಟವೆಲ್ಲ ಹಸಿರು. ಈಗ ದಾರಿಯುದ್ದಕ್ಕೂ ತರಗೆಲೆ, ಕಾಲಿಟ್ಟರೆ ಚರಚರ ಸದ್ದು.

ಮೇಲೆ ನಿಂತು ನೋಡಿದರೆ ಕೆಳಗೆ ನೇತ್ರಾವತಿ, ಅಡಿಕೆ ತೋಟ, ತೆಂಗು. ಆ ಹಸಿರಿನ ನಡುವೆ ಅಲ್ಲಲ್ಲಿ ಬೂರುಗ, ತೇಗ, ಅಮಟೆ ಮರಗಳು ಬರಿಗೈ ಚಾಚಿ ನಿಂತಿದ್ದವು. ಎಲೆ ಇದ್ದಾಗ ಕಾಣದ ಹಕ್ಕಿಗೂಡು, ಕೊಂಬೆಯ ಅಂಕುಡೊಂಕು ಎಲ್ಲ ಈಗ ಕಾಣುತ್ತದೆ.

ಮಕ್ಕಳೇ, ಹಿಮ ಬೀಳುವ ದೇಶಗಳಲ್ಲಿ ನೆಲದ ನೀರು ಹೆಪ್ಪುಗಟ್ಟುವುದರಿಂದ ಮರಗಳು ಎಲೆ ಉದುರಿಸುತ್ತವೆ. ನಮ್ಮಲ್ಲಿ ಹಿಮ ಎಲ್ಲಿದೆ? ನಮ್ಮ ಮಳೆಯ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆಮೇಲೆ ಬೇಸಗೆ ಮುಗಿಯುವ ತನಕ ನೆಲ ಒಣಗುತ್ತಲೇ ಹೋಗುತ್ತದೆ. ಎಲೆಯ ಸಣ್ಣ ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತಿರುತ್ತದೆ. ಆದ್ದರಿಂದ ಮರ ಎಲೆಯಲ್ಲಿರುವ ಸತ್ವವನ್ನು ಆದಷ್ಟು ಒಳಗೆ ಎಳೆದುಕೊಂಡು, ತೊಟ್ಟಿನ ಬುಡದಲ್ಲಿ ಒಂದು ಪದರ ಕಟ್ಟಿ, ಎಲೆಯನ್ನು ಬಿಟ್ಟುಕೊಡುತ್ತದೆ. ಉದುರಿದ ಎಲೆಯೂ ದಂಡವಲ್ಲ. ಗುಡಿಸಿ ತಂದು ಹಟ್ಟಿಗೆ ಹಾಕಿದರೆ ತೋಟಕ್ಕೆ ಗೊಬ್ಬರ.

ಬೂರುಗ ಇನ್ನೂ ಜಾಣ. ಎಲೆಯಿಲ್ಲದ ಕೊಂಬೆಯಲ್ಲೇ ಕೆಂಪು ಹೂ ಬಿಡುತ್ತದೆ. ಮರೆ ಇಲ್ಲದ್ದರಿಂದ ಮೈನಾ, ಗಿಳಿ, ಕಾಗೆಗಳಿಗೆ ದೂರದಿಂದಲೇ ಕಾಣುತ್ತದೆ. ಅವು ಮಕರಂದ ಕುಡಿಯಲು ಬಂದಾಗ ಪರಾಗ ಹೂವಿಂದ ಹೂವಿಗೆ ಹೋಗುತ್ತದೆ.

"ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು ಅಜ್ಜಾ?"

ಉತ್ತರವನ್ನು ಕಲ್ಲಡ್ಕದಲ್ಲಿ ಕೆ.ಟಿ. ಕುಡಿಯುತ್ತಾ ಹೇಳಿದೆ. ಗ್ಲಾಸಿನ ಕೆಳಗೆ ಬಿಳಿ ಹಾಲು, ಮೇಲೆ ಕಪ್ಪು ಚಹಾದ ಕಣ್ಣು. ಅವಳು ಕಲಕದೆ ನೋಡುತ್ತಾ ಕೂತಿದ್ದಳು.

1986ರಲ್ಲಿ ನಾನು ಮುಂಬಯಿಯಿಂದ ರಜೆಗೆ ಬಂದಿದ್ದೆ. ಅಮ್ಮ ನೆಂಟರ ಮನೆಗೆ ಹೋಗಿದ್ದರು. ಹಿತ್ತಿಲ ಅಮಟೆ ಮರ ಬೋಳಾಗಿತ್ತು. ಒಣಗಿದೆ ಎಂದುಕೊಂಡು ಕಡಿಸಿಬಿಟ್ಟೆ. ಸಂಜೆ ಅಮ್ಮ ಬಂದರು. ಬೈಯಲಿಲ್ಲ. ಕಡಿದ ಜಾಗವನ್ನು ಮುಟ್ಟಿ, "ಮಗಾ, ನೋಡು, ಇನ್ನೂ ಹಸಿ ಇದೆ" ಎಂದರು ಅಷ್ಟೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮರುದಿನ ಅಮ್ಮ ತೋಳು ದಪ್ಪದ ಎರಡು ಕೊಂಬೆ ಆರಿಸಿ, ಬಚ್ಚಲ ನೀರು ಹರಿಯುವ ಕಡೆ ಊರಿದರು. ಒಂದು ಕೊಳೆತುಹೋಯಿತು. ಇನ್ನೊಂದು ಚಿಗುರಿದೆ ಎಂದು ತಮ್ಮ ಕಾಗದ ಬರೆದ.

ಈಗ ಅಮ್ಮ ಇಲ್ಲ. ಮರ ಇದೆ. ಮನೆ ತಲುಪಿದ್ದೇ ಮೊಮ್ಮಗಳು ಅದರ ಬುಡಕ್ಕೆ ಓಡಿದಳು. ಅದೂ ಬೋಳಾಗಿಯೇ ನಿಂತಿತ್ತು. ತಗ್ಗಿದ ಕೊಂಬೆಯೊಂದನ್ನು ಹಿಡಿದು, ಎಲೆ ಉದುರಿದ ಕಲೆಗಳನ್ನು ಎಣಿಸಿದಳು. ಪ್ರತಿ ಕಲೆಯ ಮೇಲೂ ಸಾಸಿವೆಯಷ್ಟು ಮೊಗ್ಗು. ಚಿತ್ರದ ಪುಸ್ತಕದಲ್ಲಿ ಮರ ಬರೆದು, ಆ ಮೊಗ್ಗುಗಳಿಗೆ ಮಾತ್ರ ಹಸಿರು ಹಚ್ಚಿದಳು.

"ಅಜ್ಜಾ, ಅಮಟೆಕಾಯಿ ಯಾವಾಗ ಆಗುತ್ತದೆ?"

"ಮಳೆಗಾಲಕ್ಕೆ."

"ಹಾಗಾದರೆ ಉಪ್ಪಿನಕಾಯಿ ಹಾಕುವಾಗ ಇನ್ನೊಮ್ಮೆ ಬರೋಣ."