ಕೆನಡಾದ ಇಬ್ಬರು ಹಾಕಿವೀರರ ಊರುಗಳು

ಟೊರಾಂಟೊ ನಗರದಲ್ಲಿ ಯಂಗ್ ಬೀದಿಯೂ ಫ್ರಂಟ್ ಬೀದಿಯೂ ಕೂಡುವ ಮೂಲೆಯಲ್ಲಿ, ೧೮೮೫ರಲ್ಲಿ ಒಂದು ಬ್ಯಾಂಕಿಗಾಗಿ ಕಟ್ಟಿದ ಕಲ್ಲಿನ ಸೌಧವೊಂದುಂಟು. ೧೯೯೩ರಿಂದ ಅದು ಐಸ್ ಹಾಕಿ ಆಟದ ಕೀರ್ತಿಮಂದಿರವಾಗಿದೆ. ಒಳಗೆ ಬಣ್ಣದ ಗಾಜಿನ ಗುಮ್ಮಟ. ಅದರ ಕೆಳಗೆ ಸ್ಟ್ಯಾನ್ಲಿ ಕಪ್ ಎಂಬ ಎತ್ತರವಾದ ಬೆಳ್ಳಿಯ ಪಾತ್ರೆ. ಗೆದ್ದ ಆಟಗಾರರು ಹೊತ್ತು ಊರೂರು ಮೆರೆಸುವ ಪಾತ್ರೆಯು ಇದು. ೧೮೯೨ರಲ್ಲಿ ಆ ದೇಶದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿಯು ಕೊಟ್ಟ ಮೂಲ ಬಟ್ಟಲಾದರೋ ಶಿಥಿಲವಾದುದರಿಂದ, ಬ್ಯಾಂಕಿನ ಹಳೆಯ ಖಜಾನೆಯ ಕೊಠಡಿಯಲ್ಲಿ ಕದಲದೆ ಕುಳಿತಿದೆ. ಉತ್ಸವಮೂರ್ತಿ, ಮೂಲವಿಗ್ರಹ ಎಂಬ ಭೇದವನ್ನು ಬಲ್ಲ ನಮ್ಮ ದೇಶದವರಿಗೆ ಈ ಏರ್ಪಾಡನ್ನು ಯಾರೂ ಬಿಡಿಸಿ ಹೇಳಬೇಕಾದುದಿಲ್ಲ.

ಮಗಳ ಮನೆಯಲ್ಲಿ ಕೆಲವು ತಿಂಗಳು ಇರಲು ಹೋಗಿದ್ದ ನಾನು ಈ ಮಂದಿರವನ್ನು ನೋಡಿದುದು ನೆರೆಮನೆಯ ವೃದ್ಧರೊಬ್ಬರು ಮತ್ತು ಅವರ ಮಗನ ಜೊತೆಯಲ್ಲಿ. ತಂದೆಮಕ್ಕಳಿಬ್ಬರೂ ಸೌಮ್ಯಸ್ವಭಾವದವರು, ಆದರೆ ಒಂದು ಪ್ರಶ್ನೆ ಬಂದರೆ ಮಾತ್ರ ಇಬ್ಬರ ಧ್ವನಿಯೂ ಏರುವುದು. ರಕ್ಷಕನ ಸ್ಥಾನದಲ್ಲಿ ನಿಂತು ಆಕ್ರಮಣ ಮಾಡಿದವರಲ್ಲಿ ಬಾಬಿ ಓರ್ ದೊಡ್ಡವನೋ, ಪಾಲ್ ಕಾಫಿ ದೊಡ್ಡವನೋ ಎಂಬುದೇ ಆ ಪ್ರಶ್ನೆ. ತಂದೆಯು ಓರನ ಪಕ್ಷ, ಮಗನು ಕಾಫಿಯ ಪಕ್ಷ. (ನಮ್ಮ ಮನೆಗಳಲ್ಲಿ ಬೆಳಗಿನ ಹೊತ್ತು ಕುದಿಯುವ ಪಾನೀಯಕ್ಕೂ ಈ ಮಹಾಶಯನಿಗೂ ಹೆಸರಿನ ಧ್ವನಿಯೊಂದನ್ನುಳಿದು ಬೇರೆ ಸಂಬಂಧವಿಲ್ಲ.) ಇಬ್ಬರೂ ಆಂಟಾರಿಯೊ ಪ್ರಾಂತದವರೇ, ಇಬ್ಬರೂ ಬೆಳೆದ ಊರುಗಳು ಟೊರಾಂಟೊದಿಂದ ಒಂದೊಂದು ದಿನದಲ್ಲಿ ನೋಡಿ ಬರುವಷ್ಟು ಹತ್ತಿರದಲ್ಲಿವೆ. ಆದುದರಿಂದ ಎರಡನ್ನೂ ನೋಡಿಯೇ ಈ ವ್ಯಾಜ್ಯವನ್ನು ಕುರಿತು ಆಲೋಚಿಸುವುದೆಂದು ನಿಶ್ಚಯಿಸಿದೆನು.

ಈ ಆಟವನ್ನು ಕಾಣದ ವಾಚಕರಿಗಾಗಿ ಎರಡು ಮಾತು. ಇನ್ನೂರು ಅಡಿ ಉದ್ದ, ಎಂಬತ್ತೈದು ಅಡಿ ಅಗಲದ ಮಂಜುಗಡ್ಡೆಯ ಅಂಗಳ. ಚೆಂಡಿಗೆ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಪಕ್ಷಕ್ಕೆ ಆರು ಮಂದಿ: ಗೋಲಿನಲ್ಲಿ ಒಬ್ಬನು, ಅವನ ಮುಂದೆ ಇಬ್ಬರು ರಕ್ಷಕರು, ಮುಂಚೂಣಿಯಲ್ಲಿ ಮೂವರು. ಗೋಲು ಹೊಡೆದವನಿಗೆ ಒಂದು ಅಂಕ. ಅದಕ್ಕೆ ಪಕ್ಕನ್ನು ಒದಗಿಸಿಕೊಟ್ಟವನಿಗೂ ಒಂದು ಅಂಕ. ನಮ್ಮ ಸಂಸ್ಕೃತದಲ್ಲಿ ಯೋಗಕ್ಷೇಮವೆಂಬ ಸಮಾಸವನ್ನು ಈಗ ನಾವು ಕಾಗದದ ಮೊದಲ ಸಾಲಿನಲ್ಲಿ ಸುಮ್ಮನೆ ಬರೆದುಬಿಡುತ್ತೇವೆ. ಆದರೆ ಯೋಗವೆಂದರೆ ಇಲ್ಲದುದನ್ನು ಸಂಪಾದಿಸುವುದು, ಕ್ಷೇಮವೆಂದರೆ ಇದ್ದುದನ್ನು ಕಾಪಾಡುವುದು ಎಂದು ಹಿಂದಿನವರು ಬಿಡಿಸಿ ಹೇಳಿದ್ದಾರೆ. ಹಾಕಿಯಲ್ಲಿ ಬಹುಕಾಲ ಈ ಎರಡು ಕೆಲಸಗಳು ಬೇರೆ ಬೇರೆಯವರ ಪಾಲಿಗೆ ಬಿದ್ದಿದ್ದುವು. ಬಾಸ್ಟನ್ನಿನ ಎಡ್ಡಿ ಶೋರನಂತಹ ಕೆಲವರು ಹಿಂದೆಯೂ ಪಕ್ಕನ್ನು ಮುಂದಕ್ಕೆ ಒಯ್ದವರೇ; ಆದರೂ ರಕ್ಷಕನ ಧರ್ಮವು ಕ್ಷೇಮವೆಂಬುದೇ ಸಾಮಾನ್ಯ ವಿಧಿಯಾಗಿದ್ದಿತು.

ಪ್ಯಾರಿ ಸೌಂಡ್ ಎಂಬ ಊರು ಟೊರಾಂಟೊದಿಂದ ಉತ್ತರಕ್ಕೆ ಇನ್ನೂರು ಕಿಲೋಮೀಟರಿಗೂ ಮಿಕ್ಕು ದೂರದಲ್ಲಿ, ಹ್ಯೂರಾನ್ ಸರೋವರದ ಭಾಗವಾದ ಜಾರ್ಜಿಯನ್ ಕೊಲ್ಲಿಯ ದಡದಲ್ಲಿದೆ. ಶರತ್ಕಾಲದಲ್ಲಿ ಹೋದವನಿಗೆ ದಾರಿಯ ಎರಡು ಕಡೆಯೂ ಮೇಪಲ್ ಮರಗಳು ಕುಂಕುಮವನ್ನು ಚೆಲ್ಲಿದಂತೆ ಕೆಂಪಾಗಿರುತ್ತವೆ. ನಡುನಡುವೆ ಹೆಬ್ಬಂಡೆಗಳು, ಬಂಡೆಗಳ ನಡುವೆ ಕಪ್ಪು ನೀರಿನ ಕೊಳಗಳು. ಕೊಲ್ಲಿಯಲ್ಲಿ ಎಣಿಸಲಾರದಷ್ಟು ಕಿರುದ್ವೀಪಗಳು. ಸೆಗ್ವಿನ್ ಎಂಬ ನದಿಯು ಊರನ್ನು ಸೀಳಿಕೊಂಡು ಬಂದು ಕೊಲ್ಲಿಯನ್ನು ಸೇರುತ್ತದೆ. ಅದರ ಮೇಲೆ ಬಹಳ ಎತ್ತರದಲ್ಲಿ ಉಕ್ಕಿನ ರೈಲುಸೇತುವೆ. ನಾವು ನೋಡುತ್ತಿದ್ದಂತೆಯೇ ಅದರ ಮೇಲೆ ಒಂದು ಸರಕಿನ ಗಾಡಿಯು ಹೊರಟು, ಮುಗಿಯುವುದೇ ಇಲ್ಲವೇನೋ ಎಂಬಷ್ಟು ಹೊತ್ತು ಹೋಗುತ್ತಲೇ ಇದ್ದಿತು. ಚಳಿಗಾಲದಲ್ಲಿ ಈ ನದಿಯೂ ಕೊಲ್ಲಿಯೂ ಹೆಪ್ಪುಗಟ್ಟುವುವು. ೧೯೪೮ನೆಯ ಮಾರ್ಚಿಯಲ್ಲಿ ಇಲ್ಲಿ ಹುಟ್ಟಿದ ಓರನು ಬಾಲ್ಯದಲ್ಲಿ ಆಡಿದುದು ಆ ಹೆಪ್ಪಿನ ಮೇಲೆಯೇ. ಹತ್ತಿರದ ನೊಬೆಲ್ ಎಂಬ ಹಳ್ಳಿಯ ಸಿಡಿಮದ್ದಿನ ಕಾರ್ಖಾನೆಯಲ್ಲಿ ಅವನ ತಂದೆಗೆ ಕೆಲಸ. ಆ ಹಳ್ಳಿಗೆ ಆಲ್‌ಫ್ರೆಡ್ ನೊಬೆಲನ ಹೆಸರು ಬಂದಿರುವುದು ಶಾಂತಿಯ ಬಹುಮಾನದಿಂದಲ್ಲ, ಸಿಡಿಮದ್ದಿನಿಂದ!

ಹದಿನಾಲ್ಕು ವರ್ಷದ ಬಾಲಕನಾಗಿರುವಾಗಲೇ, ೧೯೬೨ರಲ್ಲಿ, ಬಾಸ್ಟನ್ ಬ್ರೂಯಿನ್ಸ್ ತಂಡದವರು ಓರನಿಂದ ಒಪ್ಪಂದಕ್ಕೆ ರುಜು ಹಾಕಿಸಿಕೊಂಡರು. ಒಪ್ಪಂದದ ಷರತ್ತುಗಳಲ್ಲಿ ಅವನ ಮನೆಯ ಗೋಡೆಗಳಿಗೆ ಹೊಸದಾಗಿ ಗಾರೆ ಮಾಡಿಸಿಕೊಡುವುದೂ ಒಂದು. ಇಂದು ಆಟಗಾರರಿಗೆ ಸಲ್ಲುವ ಕೋಟಿಗಳ ಲೆಕ್ಕವನ್ನು ಕೇಳಿದ ಕಿವಿಗೆ ಈ ಗಾರೆಯ ಷರತ್ತು ಎಷ್ಟು ಹಿತವಾಗಿದೆ! ಕೊಲ್ಲಿಯ ದಡದಲ್ಲಿ ೨೦೦೩ರಲ್ಲಿ ತೆರೆದ ಓರನ ಸ್ಮಾರಕಶಾಲೆಯುಂಟು. ಅಲ್ಲಿ ನಿಂತಾಗ ನನ್ನ ವೃದ್ಧ ಮಿತ್ರರು, ತಾವು ಪ್ರಾಯದಲ್ಲಿ ಕಂಡ ಆಟವನ್ನು ಕೈಯಿಂದ ಗಾಳಿಯಲ್ಲಿ ಬರೆದು ತೋರಿಸಿದರು: ಓರನು ತನ್ನ ಗೋಲಿನ ಹಿಂದಿನಿಂದ ಪಕ್ಕನ್ನು ತೆಗೆದುಕೊಂಡು, ಒಬ್ಬನನ್ನು ಎಡಕ್ಕೆ, ಒಬ್ಬನನ್ನು ಬಲಕ್ಕೆ ಬಿಟ್ಟು, ಅಂಗಳದ ಆಚೆಯ ತುದಿಗೆ ಹೋಗುವನು, ಪಕ್ಕು ತಪ್ಪಿತೆಂದರೆ, ಎದುರಾಳಿಯು ತಿರುಗುವುದರೊಳಗಾಗಿ ತಾನೇ ಹಿಂದಕ್ಕೆ ಬಂದು ನಿಂತಿರುವನು. ಆಗಿನ ಬಾಸ್ಟನ್ನಿನ ಅಂಗಳವು ನಿಯಮಿತ ಅಳತೆಗಿಂತ ಉದ್ದದಲ್ಲಿ ಒಂಬತ್ತು ಅಡಿಯೂ ಅಗಲದಲ್ಲಿ ಎರಡಡಿಯೂ ಕಿರಿದಾಗಿದ್ದಿತು. ಅಷ್ಟು ಇಕ್ಕಟ್ಟಿನಲ್ಲಿ ಅವನು ಹೀಗೆ ಸಂಚರಿಸಿದನು.

೧೯೬೯–೭೦ರಲ್ಲಿ ಓರನು ೧೨೦ ಅಂಕಗಳನ್ನು ಗಳಿಸಿ ಇಡೀ ಲೀಗಿನಲ್ಲಿ ಮೊದಲಿಗನಾದನು. ಅದಕ್ಕೆ ಮುಂಚೆ ಯಾವ ರಕ್ಷಕನೂ ನೂರನ್ನು ಮುಟ್ಟಿರಲಿಲ್ಲ. ೧೯೭೫ರಲ್ಲಿ ಮತ್ತೊಮ್ಮೆ ಮೊದಲಿಗನಾದನು. ಆ ಸ್ಥಾನವನ್ನು ಪಡೆದ ರಕ್ಷಕನು ಇಂದಿನವರೆಗೂ ಅವನೊಬ್ಬನೇ. ಶ್ರೇಷ್ಠ ರಕ್ಷಕನಿಗೆ ಸಲ್ಲುವ ನಾರಿಸ್ ಪ್ರಶಸ್ತಿಯನ್ನು ೧೯೬೮ರಿಂದ ೧೯೭೫ರ ವರೆಗೆ ಎಂಟು ವರ್ಷ ಬೇರೊಬ್ಬರಿಗೆ ಬಿಡಲಿಲ್ಲ. ೧೯೭೦ನೆಯ ಮೇ ೧೦ರಂದು, ಹೆಚ್ಚುವರಿ ಆಟದ ನಲವತ್ತನೆಯ ಸೆಕೆಂಡಿನಲ್ಲಿ ಸೇಂಟ್ ಲೂಯಿಸ್ ತಂಡದ ಮೇಲೆ ಗೋಲು ಹೊಡೆದು, ಇಪ್ಪತ್ತೊಂಬತ್ತು ವರ್ಷಗಳ ಮೇಲೆ ಬಾಸ್ಟನ್ನಿಗೆ ಕಪ್ಪನ್ನು ತಂದನು. ಆ ಕ್ಷಣದಲ್ಲಿ ಎದುರಾಳಿಯ ಕೋಲಿಗೆ ತೊಡರಿ ಓರನು ಗಾಳಿಯಲ್ಲಿ ಹಾರಿದುದರ ಛಾಯಾಚಿತ್ರವನ್ನು ಕೆನಡಾದಲ್ಲಿ ನೋಡದವರಿಲ್ಲ. ಸರಿಯಾಗಿ ನಲವತ್ತು ವರ್ಷಗಳ ತರುವಾಯ, ಅದೇ ಭಂಗಿಯ ಕಂಚಿನ ಪ್ರತಿಮೆಯನ್ನು ಬಾಸ್ಟನ್ನಿನ ಕ್ರೀಡಾಮಂದಿರದ ಹೊರಗೆ ನಿಲ್ಲಿಸಿದರು. ನಿಲ್ಲಿಸಿದರೆಂಬ ಮಾತೇ ಸರಿಯಲ್ಲ. ಆ ಪ್ರತಿಮೆಯು ನಿಂತಿಲ್ಲ, ಹಾರುತ್ತಿದೆ.

ಆದರೆ ಹಾರಿದವನ ಎಡಮೊಣಕಾಲು ಮೊದಲಿನಿಂದಲೂ ಕರ್ಣನ ರಥಚಕ್ರದಂತೆ ಹೂಳುತ್ತಿದ್ದಿತು. ಹನ್ನೆರಡಕ್ಕೂ ಮಿಕ್ಕು ಬಾರಿ ಶಸ್ತ್ರಚಿಕಿತ್ಸೆಯಾಯಿತು. ೧೯೭೬ರಲ್ಲಿ, ಒಂದೇ ಕಾಲಿನಲ್ಲಿ ಆಡಿದನೆನ್ನಬೇಕಾದ ಸ್ಥಿತಿಯಲ್ಲಿ, ಕೆನಡಾ ಕಪ್ ಪಂದ್ಯಗಳ ಶ್ರೇಷ್ಠ ಆಟಗಾರನೆನಿಸಿದನು. ಅದೇ ವರ್ಷ ಬಾಸ್ಟನ್ನನ್ನು ಬಿಟ್ಟು ಷಿಕಾಗೋ ತಂಡಕ್ಕೆ ಹೋದನು. ಬಾಸ್ಟನ್ನಿನವರು ತಂಡದ ಒಡೆತನದಲ್ಲಿಯೇ ಶೇಕಡಾ ಹದಿನೆಂಟೂವರೆಯಷ್ಟು ಪಾಲನ್ನು ಕೊಡಲು ಸಿದ್ಧರಾಗಿದ್ದರೆಂಬುದನ್ನು, ತಾನು ಅಣ್ಣನಂತೆ ನಂಬಿದ್ದ ಪ್ರತಿನಿಧಿ ಅಲನ್ ಈಗಲ್ಸನ್ ತನಗೆ ತಿಳಿಸಲಿಲ್ಲವೆಂದು ಓರನು ಹೇಳಿದ್ದಾನೆ. ಈಗಲ್ಸನ್ನನು ಬೇರೆ ವಂಚನೆಗಳಿಗಾಗಿ ೧೯೯೮ರಲ್ಲಿ ಸೆರೆಮನೆಗೆ ಹೋದನು. ಷಿಕಾಗೋವಿನಲ್ಲಿ ಓರನು ಆಡಿದುದು ಒಟ್ಟು ಇಪ್ಪತ್ತಾರೇ ಪಂದ್ಯಗಳು. ಆಡದ ಕಾಲಕ್ಕೆ ಸಂಬಳವನ್ನು ಮುಟ್ಟಲಿಲ್ಲ. ೧೯೭೮ರ ನವೆಂಬರಿನಲ್ಲಿ, ಮೂವತ್ತು ವಯಸ್ಸಿಗೆ, ಆಟವನ್ನು ಬಿಟ್ಟನು. ಮರುವರ್ಷವೇ, ಸಾಮಾನ್ಯವಾಗಿ ಕಾಯಬೇಕಾದ ಅವಧಿಯನ್ನು ಮನ್ನಿಸಿ, ಅವನನ್ನು ಕೀರ್ತಿಮಂದಿರಕ್ಕೆ ಸೇರಿಸಿದರು. ಸ್ಮಾರಕಶಾಲೆಯಲ್ಲಿ ಇದನ್ನು ಹೇಳಿ ಮುಗಿಸಿದ ಮೇಲೆ ವೃದ್ಧರು ಬಹಳ ಹೊತ್ತು ಕಿಟಕಿಯಾಚೆಯ ನೀರನ್ನೇ ನೋಡುತ್ತಿದ್ದರು.

ಮಾಲ್ಟನ್ನಿಗೆ ಹೋಗುವುದಕ್ಕೆ ಪ್ರಯಾಸವೇ ಇಲ್ಲ. ನಮ್ಮ ದೇಶದಿಂದ ವಿಮಾನದಲ್ಲಿ ಟೊರಾಂಟೊಗೆ ಬಂದವರೆಲ್ಲರೂ ಅದರ ಪಕ್ಕದಲ್ಲಿಯೇ ಇಳಿದಿರುತ್ತಾರೆ. ಅಲ್ಲಿ ಬಂಡೆಯಿಲ್ಲ, ಕೊಲ್ಲಿಯಿಲ್ಲ. ಸಮನಾದ ನೆಲ, ಸಾಲುಮನೆಗಳು, ಉಗ್ರಾಣಗಳು, ತಲೆಯ ಮೇಲೆ ವಿಮಾನಗಳ ಮೊರೆತ. ಒಂದು ಕಾಲಕ್ಕೆ ವಿಮಾನದ ಕಾರ್ಖಾನೆಗಳಿಂದ ಬದುಕಿದ ಊರು ಅದು. ಈಗ ಅಂಗಡಿಗಳ ಮೇಲೆ ಗುರುಮುಖಿ ಅಕ್ಷರ. ಬೀದಿಯಲ್ಲಿ ಪಂಜಾಬಿನ ಮಾತು. ೧೯೬೧ರಲ್ಲಿ ಟೊರಾಂಟೊದ ವೆಸ್ಟನ್ನಿನಲ್ಲಿ ಹುಟ್ಟಿದ ಪಾಲ್ ಕಾಫಿಯು ಬೆಳೆದುದು ಇಲ್ಲಿ. ಊರಿನ ಉದ್ಯಾನಕ್ಕೆ ಈಗ ಅವನ ಹೆಸರಿದೆ. ಇಲ್ಲಿಗೆ ನನ್ನನ್ನು ಕರೆದುಕೊಂಡು ಹೋದವನು ಮಗ.

೧೯೮೦ರಲ್ಲಿ ಎಡ್ಮಂಟನ್ ಆಯ್ಲರ್ಸ್ ತಂಡವು ಕಾಫಿಯನ್ನು ಆರಿಸಿಕೊಂಡಿತು. ಪಾದಕ್ಕಿಂತ ಚಿಕ್ಕದಾದ ಸ್ಕೇಟುಗಳನ್ನು ಬಿಗಿಯಾಗಿ ತೊಟ್ಟು ಆಡುತ್ತಿದ್ದ ಅವನ ಓಟದಲ್ಲಿ ಶ್ರಮವೆಂಬುದು ಕಾಣುತ್ತಿರಲಿಲ್ಲವಂತೆ. ವೇಯ್ನ್ ಗ್ರೆಟ್ಸ್‌ಕಿಯು ಎದುರಾಳಿಗಳನ್ನು ತನ್ನ ಕಡೆಗೆ ಸೆಳೆದುಕೊಂಡು ಪಕ್ಕನ್ನು ಹಿಡಿದು ನಿಂತಿರಲು, ಹಿಂದಿನಿಂದ ಕಾಫಿಯು ತೇಲಿ ಬರುವನು. ೧೯೮೫–೮೬ರಲ್ಲಿ ೪೮ ಗೋಲುಗಳನ್ನು ಹೊಡೆದು, ರಕ್ಷಕರಲ್ಲಿ ಓರನದಾಗಿದ್ದ ೪೬ರ ದಾಖಲೆಯನ್ನು ಮುರಿದನು. ಆ ವರ್ಷದ ಅವನ ಒಟ್ಟು ಅಂಕ ೧೩೮. ಓರನು ೧೯೭೦–೭೧ರಲ್ಲಿ ಗಳಿಸಿದುದು ೧೩೯! ಒಂದಂಕದ ಕೊರತೆಗಾಗಿ ಮಗನು ಇಂದಿಗೂ ಮರುಗುತ್ತಾನೆ. ನಾಲ್ಕು ಸಲ ಸ್ಟ್ಯಾನ್ಲಿ ಕಪ್ಪು, ಮೂರು ಸಲ ನಾರಿಸ್ ಪ್ರಶಸ್ತಿ, ೧೪೦೯ ಪಂದ್ಯಗಳು, ೧೫೩೧ ಅಂಕಗಳು. ಓರನಿಗೆ ಎರಡೇ ಕಪ್ಪು. ಪಂದ್ಯಗಳು ೬೫೭, ಅಂಕಗಳು ೯೧೫.

ಮೂವತ್ತೈದು ವರ್ಷ ಅಂಕಪಟ್ಟಿಗಳನ್ನು ಬರೆದವನಾದುದರಿಂದ, ಅಂಕಗಳನ್ನು ನಾನು ಅಷ್ಟು ಬೇಗ ನಂಬುವವನಲ್ಲ. ಪಂದ್ಯವೊಂದಕ್ಕೆ ಹಂಚಿದರೆ ಓರನಿಗೆ ೧.೩೯, ಕಾಫಿಗೆ ೧.೦೯. ಅದಲ್ಲದೆ ಓರನ ೧೩೯ರ ಕಾಲದಲ್ಲಿ ಒಂದು ಪಂದ್ಯದಲ್ಲಿ ಎರಡು ಕಡೆಯೂ ಸೇರಿ ಸರಾಸರಿ ಆರಕ್ಕೆ ಸ್ವಲ್ಪ ಮೇಲ್ಪಟ್ಟು ಗೋಲುಗಳಾಗುತ್ತಿದ್ದರೆ, ಕಾಫಿಯ ೧೩೮ರ ಕಾಲದಲ್ಲಿ ಸುಮಾರು ಎಂಟಾಗುತ್ತಿದ್ದುವು. ಸುಗ್ಗಿಯ ವರ್ಷದ ಒಂದು ಪಲ್ಲವೂ ಬರದ ವರ್ಷದ ಒಂದು ಪಲ್ಲವೂ ಸಮವಲ್ಲ. ಇನ್ನೊಂದು ಲೆಕ್ಕವುಂಟು. ಆಟಗಾರನು ಅಂಗಳದಲ್ಲಿದ್ದಾಗ ತನ್ನವರು ಹೊಡೆದ ಗೋಲುಗಳಿಂದ ಎದುರಾಳಿಗಳು ಹೊಡೆದವನ್ನು ಕಳೆದು ಉಳಿದುದನ್ನು ಬರೆಯುತ್ತಾರೆ. ಆ ವರ್ಷಗಳಲ್ಲಿ ಕಾಫಿಗೆ ೬೧, ಓರನಿಗೆ ೧೨೪. ಕ್ಷೇಮದ ಲೆಕ್ಕವೆಲ್ಲವೂ ಆ ವ್ಯತ್ಯಾಸದಲ್ಲಿದೆ.

ಹಾಗೆಂದು ಕಾಫಿಗೆ ರಕ್ಷಣೆಯೇ ತಿಳಿಯದೆಂದು ಹೇಳುವವರ ಮಾತನ್ನು ನಾನು ಒಪ್ಪೆನು. ೧೯೮೪ನೆಯ ಸೆಪ್ಟೆಂಬರಿನಲ್ಲಿ ಕ್ಯಾಲ್ಗರಿಯಲ್ಲಿ ಸೋವಿಯಟ್ ತಂಡದೊಡನೆ ಹೆಚ್ಚುವರಿ ಆಟ ನಡೆಯುತ್ತಿರಲು, ಎದುರಾಳಿಗಳಿಬ್ಬರು ಒಟ್ಟಾಗಿ ನುಗ್ಗಿದರು. ತಡೆಯಲು ಇದ್ದವನು ಕಾಫಿಯೊಬ್ಬನೇ. ಅವರ ನಡುವಿನ ಪಕ್ಕನ್ನು ಕೋಲಿನಿಂದ ಕಿತ್ತುಕೊಂಡು, ಮೇಲಕ್ಕೆ ಒಯ್ದನು. ಸ್ವಲ್ಪ ಹೊತ್ತಿಗೆಲ್ಲ ಅವನು ಹೊಡೆದ ಪಕ್ಕು ಮೈಕ್ ಬಾಸಿಯನ್ನು ತಾಗಿ ಗೋಲಾಯಿತು, ಕೆನಡಾ ಗೆದ್ದಿತು. ಆ ಒಂದು ನಿಮಿಷದ ಮಟ್ಟಿಗೆ ಕಾಫಿಯು ಪೂರ್ಣ ಸವ್ಯಸಾಚಿ. ಓರನು ಒಂಬತ್ತು ವರ್ಷ ದಿನದಿನವೂ ಹಾಗೆ ಇದ್ದನು. ಆದುದರಿಂದ ನನ್ನ ತೀರ್ಪು ತಂದೆಯ ಪಕ್ಷಕ್ಕೆ. ಆದರೆ ಕಾಫಿಯ ಮೇಲಣ ಗೌರವವು ಮಾಲ್ಟನ್ನಿನಲ್ಲಿ ಹೆಚ್ಚಿತೇ ಹೊರತು ತಗ್ಗಲಿಲ್ಲ. ಸಂಬಳದ ವ್ಯಾಜ್ಯದಿಂದ ೧೯೮೭ರಲ್ಲಿ ಎಡ್ಮಂಟನ್ನನ್ನು ಬಿಟ್ಟ ಮೇಲೆ ಅವನು ಎಂಟು ತಂಡಗಳನ್ನು ಸುತ್ತಬೇಕಾಯಿತು. ಒಬ್ಬನ ಬಾಳು ಮಧ್ಯಾಹ್ನದಲ್ಲಿಯೇ ಮುಗಿಯಿತು. ಇನ್ನೊಬ್ಬನು ಸಾಯಂಕಾಲದ ವರೆಗೆ ದುಡಿದು, ಸಾಯಂಕಾಲದ ಬೇಸರವನ್ನೆಲ್ಲ ತಾನೇ ಉಂಡನು. ಷಿಕಾಗೋವಿನಲ್ಲಿ ಅವನೂ ಹತ್ತೇ ಪಂದ್ಯಗಳನ್ನಾಡಿದನು. ಕೊನೆಯ ಹದಿನೆಂಟು ಪಂದ್ಯಗಳು, ೨೦೦೦ದಲ್ಲಿ, ಬಾಸ್ಟನ್ನಿನಲ್ಲಿ. ಓರನ ನಾಲ್ಕನೆಯ ಸಂಖ್ಯೆಯ ಪತಾಕೆಯು ಅಲ್ಲಿ ಸೂರಿನಿಂದ ತೂಗುತ್ತಿದ್ದಿತು. ಇದನ್ನು ಹೇಳಿದವನು ಮಗನಲ್ಲ, ತಂದೆ.

ಈ ಊರುಗಳನ್ನು ನೋಡಬಯಸುವವರು ಪ್ಯಾರಿ ಸೌಂಡಿಗೆ ಮೇಪಲ್ ಎಲೆ ಕೆಂಪಾಗಿರುವಾಗ ಹೋಗುವುದು ಮೇಲು. ಬೆಳಗ್ಗೆ ಬೇಗನೆ ಹೊರಟರೆ ರಾತ್ರಿಯೊಳಗೆ ಹಿಂತಿರುಗಬಹುದು. ಮಾಲ್ಟನ್ನಿಗೆ ಯಾವ ದಿನವಾದರೂ ಸರಿ. ಮಂಜುಗಡ್ಡೆಯ ಅಂಗಳದೊಳಕ್ಕೆ ಹೋಗುವುದಾದರೆ ಹೊರಗೆ ಎಷ್ಟೇ ಬಿಸಿಲಿರಲಿ, ಒಂದು ಶಾಲನ್ನು ಮರೆಯಬಾರದು.